ಇದ್ದಿಲಿನ ಕುಲಗೋತ್ರ

ನಮ್ಮ ಬೀದಿಯ ಮೂಲೆಯಲ್ಲಿ, ಹೊಂಗೆಮರದ ಕೆಳಗೆ, ತಳ್ಳುಗಾಡಿಯ ಮೇಲೆ ಇಸ್ತ್ರಿ ಮಾಡುವವರು ಮೊನ್ನೆ ನನ್ನ ಹೊಸ ಪಂಚೆಯನ್ನು ಕೈಗಿಡುವಾಗ ಮುಖ ಸಣ್ಣಗೆ ಮಾಡಿಕೊಂಡಿದ್ದರು. ಮಡಿಕೆ ಬಿಚ್ಚಿದೆ. ಅಂಚಿನಿಂದ ಒಂದು ಗೇಣು ಒಳಗೆ ಕಡಲೆಕಾಳಿನಷ್ಟು ತೂತು.

"ನನ್ ತಪ್ಪಲ್ಲ ಸಾರ್, ಇದ್ದಿಲಿಂದು," ಎಂದರು. "ಮೊದಲು ಬಳ್ಳಾರಿ ಜಾಲಿದು ಬರ್ತಿತ್ತು. ಒಳ್ಳೆ ಗಟ್ಟಿ ಮಾಲು. ತೆಪ್ಪಗೆ ಕೂತ್ಕೊಂಡು ಉರೀತಿತ್ತು. ಈ ಸಲ ಮೂಟೇಲಿ ಏನೇನೋ ಸೇರಿಸವ್ರೆ. ಪೆಟ್ಟಿಗೇಗೆ ಹಾಕಿದ್ರೆ ಪಟಾಕಿ ಹಂಗೆ ಚಟಪಟ ಅಂತದೆ."

ಹೊಸ ಪಂಚೆ ಹಾಳಾಯಿತಲ್ಲ ಎಂದು ಮುನಿಸಿಕೊಳ್ಳುವುದು ನನ್ನ ಹಕ್ಕಾಗಿತ್ತು. ಆದರೆ ಅವರ ಬಾಯಿಂದ ಬಂದ ಆ ಪಟಾಕಿ ಎಂಬ ಮಾತು ನನ್ನನ್ನು ಸೀದಾ ಊರಿನ ಕೆರೆ ಏರಿಯ ಹಿಂದೆ, ಐವತ್ತು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು. ಇದ್ದಿಲಿಗೂ ಜಾತಿಯುಂಟು, ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ ಎಂದು ನಾನು ಮೊದಲು ಕೇಳಿದ್ದು ಅಲ್ಲಿ.

ಇದ್ದಿಲನ್ನು ನಾವು ಹೊಗಳಿದ್ದಕ್ಕಿಂತ ಹೀಯಾಳಿಸಿದ್ದೇ ಹೆಚ್ಚು. ಮಸಿಗೆ ಇದ್ದಿಲು ಬುದ್ಧಿ ಹೇಳಿತಂತೆ ಎನ್ನುತ್ತೇವೆ. ಹಾಲಲ್ಲಿ ತೊಳೆದರೂ ಬೆಳ್ಳಗಾಗದು ಎನ್ನುತ್ತೇವೆ. ಬೆಳ್ಳಗಾಗು ಎಂದು ಅದನ್ನು ಯಾರು ಕೇಳಿದ್ದರೋ! ಹಾಗೆಂದು ಕನ್ನಡಕ್ಕೆ ಅದರ ಮೇಲೆ ಲಕ್ಷ್ಯವಿಲ್ಲವೆನ್ನುವಂತಿಲ್ಲ. ಉರಿಯುತ್ತಿರುವ ಕಟ್ಟಿಗೆ ಕೊಳ್ಳಿ. ಉರಿ ಇಳಿದು ಕೆಂಪಾಗಿ ಕೂತರೆ ಕೆಂಡ. ಕೆಂಡಕ್ಕೆ ನೀರು ಚಿಮುಕಿಸಿದರೆ ಇದ್ದಿಲು. ಮರೆತು ಮಲಗಿಬಿಟ್ಟರೆ ಬೆಳಗ್ಗೆ ಬೂದಿ. ಒಂದೇ ಸೌದೆಗೆ ನಾಲ್ಕು ಅವತಾರ, ನಾಲ್ಕು ಹೆಸರು. ಗ್ಯಾಸ್ ಒಲೆಯ ಮುಂದೆ ಬೆಳೆದ ನನ್ನ ಮಗಳಿಗೆ ಕೆಂಡಕ್ಕೂ ಕೊಳ್ಳಿಗೂ ವ್ಯತ್ಯಾಸ ಹೇಳಿಕೊಡಲು ಹೋಗಿ ಸೋತಿದ್ದೇನೆ. ಅವಳ ಮಟ್ಟಿಗೆ ಎರಡೂ "ಬಿಸಿ".

ನಮ್ಮ ಅಜ್ಜಿ ರಾತ್ರಿ ಅಡುಗೆ ಮುಗಿದ ಮೇಲೆ ಕೆಂಡವನ್ನು ಹೊರಗೆಳೆದು, ನೀರು ಚಿಮುಕಿಸಿ, ಆರಿದ ಮೇಲೆ ಇದ್ದಿಲನ್ನು ಎರಡು ಪಾಲು ಮಾಡುತ್ತಿದ್ದಳು. ತೆಂಗಿನ ಚಿಪ್ಪಿನದು ಒಂದು ಕಡೆ. ಅದು ಬೇಗ ಬೂದಿಯಾಗದ್ದರಿಂದ ಇಸ್ತ್ರಿಪೆಟ್ಟಿಗೆಗೆ, ಬಾಣಂತಿ ಕೋಣೆಯ ಸಾಂಬ್ರಾಣಿ ಹೊಗೆಗೆ. ಪುಳ್ಳೆಸೌದೆಯದು ಇನ್ನೊಂದು ಕಡೆ. ಅದನ್ನು ಉಮ್ಮತ್ತಿ ಸೊಪ್ಪಿನ ಜೊತೆ ಅರೆದು ನಮ್ಮ ಬರೆಯುವ ಹಲಗೆಗೆ ಬಳಿಯುತ್ತಿದ್ದೆವು. ಹಲ್ಲುಜ್ಜಲು ಇವೆರಡೂ ಅಲ್ಲ, ಭತ್ತದ ಉಮಿಯ ಕರಿ. ಅಜ್ಜಿಗೆ ಅಕ್ಷರ ಬರುತ್ತಿರಲಿಲ್ಲ, ಆದರೆ ಯಾವ ಕರಿ ಯಾವುದಕ್ಕೆ ಎಂಬ ಪಟ್ಟಿ ಬಾಯಿಪಾಠವಾಗಿತ್ತು. ನಾನು ಒಮ್ಮೆ ಚಿಪ್ಪಿನ ಇದ್ದಿಲಿನಲ್ಲಿ ಹಲ್ಲುಜ್ಜಿ ವಸಡು ಕಿತ್ತುಕೊಂಡು ಬಂದಾಗ ಅವಳು ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಕೆರೆ ಏರಿಯ ಹಿಂದೆ ಇದ್ದವರು ಮದ್ದಿನ ಸಾಬರು. ತೇರಿನ ರಾತ್ರಿ ಬಾಣಬಿರುಸು ಬಿಡುವ ಹಕ್ಕು ಅವರ ಮನೆತನದ್ದು. ಬಾಣ ಅಂದರೆ ಮೇಲಕ್ಕೆ ಹಾರುವುದು, ಬಿರುಸು ಅಂದರೆ ಕಿಡಿ ಕಾರುವುದು. ಶಿವಕಾಶಿಯ ಡಬ್ಬಿಗಳು ಬರುವ ಮುಂಚಿನ ಮಾತು. ಅವರನ್ನು ಮದ್ದಿನ ಸಾಬರು ಎಂದು ಕರೆಯುವುದನ್ನು ಕೇಳಿ, ನಾನು ಬಹಳ ದಿನ ಅವರು ಕಷಾಯ ಕೊಡುವ ಪಂಡಿತರೆಂದೇ ತಿಳಿದಿದ್ದೆ. ತಪ್ಪು ನನ್ನದಲ್ಲ. ಜ್ವರಕ್ಕೆ ಕುಡಿಯುವುದೂ ಮದ್ದು, ಬಂದೂಕಿಗೆ ತುಂಬುವುದೂ ಮದ್ದು, ಸೊಸೆ ಮೇಲೆ ಅನುಮಾನ ಬಂದಾಗ ಅತ್ತೆ ಆಡುವ "ಮದ್ದು ಹಾಕವಳೆ" ಎಂಬುದರಲ್ಲಿರುವುದೂ ಮದ್ದು. ನಮ್ಮ ಹಲಗೆಗೆ ಹಚ್ಚುತ್ತಿದ್ದ ಉಮ್ಮತ್ತಿಗೆ ಇನ್ನೊಂದು ಹೆಸರು ಮದ್ದುಗುಣಿಕೆ. ಬದುಕಿಸುವುದು, ಸಾಯಿಸುವುದು, ಮರುಳು ಮಾಡುವುದು, ಮೂರನ್ನೂ ಒಂದೇ ಡಬ್ಬಿಯಲ್ಲಿಟ್ಟು ಒಂದೇ ಚೀಟಿ ಅಂಟಿಸಿದ ಭಾಷೆ ನಮ್ಮದು. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನಮನೆಯೊಂದನ್ನು 2017ರಲ್ಲಿ ರೈಲು ಹಳಿಗೆ ಅಡ್ಡವೆಂದು ಇಡಿಯಾಗಿ ಎತ್ತಿ ಪಕ್ಕಕ್ಕೆ ಸರಿಸಿದರಲ್ಲ, ಆಗ ನಮ್ಮ ಪಕ್ಕದ ಮನೆಯವರು "ಹಳೇ ಆಸ್ಪತ್ರೇನಾ?" ಎಂದು ಕೇಳಿದ್ದರು.

ಸಾಬರ ಎಡಗೈಯಲ್ಲಿ ಬೆರಳು ಮೂರೇ. ಉಳಿದೆರಡು ಏನಾದವೆಂದು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕಾದ್ದೂ ಇರಲಿಲ್ಲ. ಮಕ್ಕಳು ಹಿತ್ತಿಲಿಗೆ ಬಂದರೆ ಅವರದೊಂದು ಕರಾರು: "ಇದ್ದಿಲು ಸುಡೋ ತನಕ ಬಾ ಮರಿ, ನೋಡು. ಆಮೇಲಿಂದು ನಿಂಗೆ ಬೇಡ." ಹಾಗಾಗಿ ನನ್ನ ವಿದ್ಯೆಯೂ ಇದ್ದಿಲಿಗೆ ನಿಂತಿದೆ. ಈಗಂತೂ ಪರವಾನಗಿಯಿಲ್ಲದೆ ಮನೆಯಲ್ಲಿ ಮದ್ದು ಅರೆದರೆ ಕಾನೂನು ಬಂದು ಬಾಗಿಲು ತಟ್ಟುತ್ತದೆ. ಅದಕ್ಕೆ ಮೊದಲು ಮದ್ದೇ ಬಾಗಿಲು ಹಾರಿಸುವ ಸಂಭವ ಹೆಚ್ಚು.

ಆದರೆ ಇದ್ದಿಲಿನ ಪಾಠವೇನು ಕಡಮೆಯದಲ್ಲ. ಸಾಬರ ಹಿತ್ತಿಲಿನಲ್ಲಿ ಒಣಗಿಸಿದ ಎಕ್ಕದ ಕಡ್ಡಿಗಳ ಕಟ್ಟು ಇರುತ್ತಿತ್ತು. ಊರ ತುಂಬ ಹುಣಸೆ, ಜಾಲಿ, ಬೇವು ಬಿದ್ದಿರುವಾಗ ದನವೂ ಮೂಸದ ಎಕ್ಕ ಏಕೆ? ಕೇಳಿದ್ದಕ್ಕೆ ಅವರು ಎರಡು ತುಂಡು ಇದ್ದಿಲು ಕೊಟ್ಟರು. ಒಂದು ಕಮ್ಮಾರನ ಕುಲುಮೆಯಿಂದ ತಂದದ್ದು. ಕಲ್ಲಿಗೆ ತಾಗಿಸಿದರೆ ಕಂಚಿನ ಹಾಗೆ ಟಣ್ ಎಂದಿತು. ಇನ್ನೊಂದು ಎಕ್ಕದ್ದು. ಬೆರಳಲ್ಲಿ ಹಿಸುಕಿದೆ, ಸದ್ದಿಲ್ಲದೆ ಹಿಟ್ಟಾಯಿತು. "ಅದು ಕೂತು ಉಣ್ಣೋ ಯಜಮಾನ," ಎಂದರು ಸಾಬರು ಕಮ್ಮಾರನ ತುಂಡು ತೋರಿಸಿ. "ಇದು ಹಸಿದ ಹುಡುಗ. ಎಲೆ ಹಾಕೋದ್ರೊಳಗೆ ಊಟ ಮುಗಿಸಿರ್ತಾನೆ."

ಇದಕ್ಕಿಂತ ಚೆನ್ನಾಗಿ ನಾನು ರಸಾಯನಶಾಸ್ತ್ರದ ಪುಸ್ತಕದಲ್ಲೂ ಓದಲಿಲ್ಲ. ಬೇಗ ಬೆಳೆಯುವ ಗಿಡದ ಕಾಂಡದಲ್ಲಿ ನಾಳಗಳು ಅಗಲ, ಗೋಡೆಗಳು ತೆಳು. ಸುಟ್ಟ ಮೇಲೂ ಆ ನಾಳಗಳ ಅಚ್ಚು ಹಾಗೆಯೇ ಉಳಿಯುತ್ತದೆ. ಒಳಗೆಲ್ಲ ತೂತು, ತೂತಿನೊಳಗೆ ಗಾಳಿ. ಬೆಂಕಿ ತಾಗಿದರೆ ಮೂಲೆಮೂಲೆಗೂ ಒಂದೇ ಸಲ ಹತ್ತುತ್ತದೆ. ಗಟ್ಟಿಮರದ ಇದ್ದಿಲಿನಲ್ಲಿ ಬೆಂಕಿ ಹೊರಗಿನಿಂದ ಒಳಕ್ಕೆ ನಿಧಾನವಾಗಿ ತಿನ್ನುತ್ತ ಹೋಗಬೇಕು. ಇಸ್ತ್ರಿಗೂ ಕುಲುಮೆಗೂ ಬೇಕಾದದ್ದು ಅದೇ. ಬೂದಿ ಕಡಮೆಯಿರಬೇಕೆಂಬುದು ಇನ್ನೊಂದು ಕಟ್ಟಳೆ. ತೊಗಟೆಯಲ್ಲಿ ಬೂದಿ ಜಾಸ್ತಿ, ಅದಕ್ಕೇ ಸಾಬರು ಒಂದೊಂದು ಕಡ್ಡಿಯನ್ನೂ ಸುಲಿದು ಒಣಗಿಸುತ್ತಿದ್ದರು.

ಎಕ್ಕದ ವಿಚಾರ ಸಾಬರ ಮನೆಯದ್ದೇ ಗುಟ್ಟೆಂದು ನಾನು ನಂಬಿದ್ದೆ. ಬಹಳ ವರ್ಷದ ಮೇಲೆ ಶುಕ್ರನೀತಿ ಎಂಬ ಸಂಸ್ಕೃತ ಗ್ರಂಥದಲ್ಲಿ ಅಗ್ನಿಚೂರ್ಣದ, ಎಂದರೆ ಬಂದೂಕಿನ ಮದ್ದಿನ, ಮಾತು ಬರುವಲ್ಲಿ ನೋಡುತ್ತೇನೆ, ಅಲ್ಲಿಯೂ ಎಕ್ಕ! ಅರ್ಕ, ಸ್ನುಹಿ ಮೊದಲಾದ ಗಿಡಗಳನ್ನು ಹೊಗೆ ಹೊರಹೋಗದಂತೆ ಸುಟ್ಟ ಇದ್ದಿಲು ಬೇಕು ಎನ್ನುತ್ತದೆ ಆ ಗ್ರಂಥ. ಸ್ನುಹಿ ಎಂದರೆ ನಮ್ಮ ಎಲೆಗಳ್ಳಿ. ಹೆಸರು ಶುಕ್ರಾಚಾರ್ಯರದ್ದಾದರೂ ಈ ಬಂದೂಕಿನ ಭಾಗಗಳು ತೀರ ಈಚಿನವು, ಹತ್ತೊಂಬತ್ತನೆಯ ಶತಮಾನದವೆಂದೇ ಹೇಳುವ ವಿದ್ವಾಂಸರಿದ್ದಾರೆ. ಇರಲಿ. ಬರೆದವನು ಯಾವ ಕಾಲದವನಾದರೂ ಯಾರೋ ಒಬ್ಬ ಸಾಬರ ಹಿತ್ತಿಲಲ್ಲಿ ಕೂತು ನೋಡಿದವನೇ. ಎಕ್ಕಕ್ಕೆ ಸಂಸ್ಕೃತದಲ್ಲಿ ಅರ್ಕ, ಅರ್ಕ ಎಂದರೆ ಸೂರ್ಯ. ರಥಸಪ್ತಮಿಯ ಬೆಳಗ್ಗೆ ನಾವು ಅದರ ಏಳು ಎಲೆ ಮೈಮೇಲಿಟ್ಟುಕೊಂಡು ಸ್ನಾನ ಮಾಡುತ್ತೇವೆ. ಸೂರ್ಯನ ಹೆಸರಿನ ಗಿಡ ಬೆಂಕಿಗೆ ಒದಗಿತೆಂದು ಹಿಗ್ಗಿದ್ದೆ. ಪಕ್ಕದಲ್ಲೇ ಬೇಲಿಯ ಕಳ್ಳಿಯೂ ಇದೆಯೆಂದ ಮೇಲೆ ಆ ಹಿಗ್ಗು ಸ್ವಲ್ಪ ತಗ್ಗಿತು.

ಬೇಲಿ ಎಂದದ್ದಕ್ಕೆ ಹೊಲವೂ ನೆನಪಾಯಿತು. ಬ್ರಿಟಿಷರ ಕಾಲದಲ್ಲಿ ಬಂಗಾಳದ ಇಛಾಪುರದ ಸರ್ಕಾರಿ ಮದ್ದಿನ ಕಾರ್ಖಾನೆಯವರು ಇದ್ದಿಲಿಗೆ ಹಿಡಿದದ್ದು ತೊಗರಿ ಕಡ್ಡಿಯನ್ನು. ಇದನ್ನು ನಮ್ಮ ಆಫೀಸಿನಲ್ಲಿದ್ದ ಕಲಬುರಗಿ ಕಡೆಯ ಗೆಳೆಯರಿಗೆ ಹೇಳಿದೆ. ಅವರು ಊಟದ ಡಬ್ಬಿ ಮುಚ್ಚುತ್ತ, "ಅದರಾಗ ಏನ್ ಸೋಜಿಗ ಐತ್ರಿ? ನಮ್ಮವ್ವ ಮಳಿಗಾಲದಾಗ ಒಲಿ ಹಚ್ಚಬೇಕಂದ್ರ ತೊಗರಿ ಕಟಗಿನೇ ಹುಡಕತಿದ್ಲು. ಕಡ್ಡಿ ಗೀರೂದ್ರಾಗ ಭಗ್ ಅಂತಿತ್ತು," ಎಂದರು. ಸಾಮ್ರಾಜ್ಯದ ಕಾರ್ಖಾನೆ ಪರೀಕ್ಷೆ ಮಾಡಿ ಕಂಡುಕೊಂಡದ್ದನ್ನು ಅವರ ಅವ್ವ ಮಳೆಗಾಲದ ಒದ್ದೆ ಒಲೆಯ ಮುಂದೆ ಕಂಡುಕೊಂಡಿದ್ದರು.

ಯುರೋಪಿನವರೂ ಕಡೆಗೆ ಬಂದು ನಿಂತದ್ದು ಬೇಲಿಯ ಪೊದೆಗೇ. ಹೊಳೆದಂಡೆಯ ವಿಲೋ, ಆಲ್ಡರ್, ಇವೆರಡಕ್ಕಿಂತ ಮೇಲೆಂದು ಆಲ್ಡರ್ ಬಕ್‌ಥಾರ್ನ್ ಎಂಬ ಕುಳ್ಳ ಗಿಡ. ಜರ್ಮನರು ಅದನ್ನು ಮದ್ದಿನಮರ ಎಂದೇ ಕರೆದರು. ಇಂಗ್ಲೆಂಡಿನ ವಾಲ್ಥಮ್ ಅಬೆಯ ಮದ್ದಿನ ಗಿರಣಿಗಳನ್ನು ಅಲ್ಲಿನ ಸರ್ಕಾರ 1787ರಲ್ಲಿ ಕೊಂಡಾಗ, ಗಿರಣಿಯ ಸುತ್ತಲೇ ಇಂಥ ಮರಗಳನ್ನು ಬೆಳೆಸಿಕೊಂಡಿತು. ಆ ಹೊತ್ತಿಗೆ ಅವರಿಗೊಬ್ಬ ಗುರು ಸಿಕ್ಕಿದ್ದ. ಈ ಮನುಷ್ಯನ ಕಥೆ ಹೇಳದೆ ನನಗೆ ಮುಂದೆ ಹೋಗಲಾಗದು.

ರಿಚರ್ಡ್ ವಾಟ್ಸನ್ ಎಂಬಾತ 1764ರಲ್ಲಿ ಕೇಂಬ್ರಿಡ್ಜಿನ ರಸಾಯನಶಾಸ್ತ್ರದ ಪ್ರಾಧ್ಯಾಪಕನಾಗಿ ಆರಿಸಿಬಂದ. ಆ ದಿನದವರೆಗೆ ರಸಾಯನಶಾಸ್ತ್ರದ ಒಂದಕ್ಷರವನ್ನೂ ಓದಿರಲಿಲ್ಲವೆಂದು ಆಮೇಲೆ ತಾನೇ ಬರೆದುಕೊಂಡಿದ್ದಾನೆ. ಗಣಿತ ಓದಿ ಬೇಜಾರಾಗಿತ್ತಂತೆ! ನೇಮಕವಾದ ಮೇಲೆ ಪ್ಯಾರಿಸ್‌ನಿಂದ ಒಬ್ಬ ಕೆಲಸ ಬಲ್ಲವನನ್ನು ಕರೆಸಿಕೊಂಡು, ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು, 14 ತಿಂಗಳಲ್ಲಿ ಪಾಠ ಶುರು ಮಾಡಿಯೇಬಿಟ್ಟ. 1771ರಲ್ಲಿ ಧರ್ಮಶಾಸ್ತ್ರದ ಪ್ರಾಧ್ಯಾಪಕ, 1782ರಲ್ಲಿ ಲ್ಯಾಂಡಾಫ್‌ನ ಬಿಷಪ್. ನಮ್ಮ ವಿಶ್ವವಿದ್ಯಾಲಯಗಳ ನೇಮಕಾತಿಯನ್ನು ಬೈಯುವಾಗ ಈ ವಾಟ್ಸನ್‌ನನ್ನು ಸ್ವಲ್ಪ ನೆನೆಯಬೇಕು.

ಇಂಥವನನ್ನು ಸೇನೆಯವರು ಬಂದು ಕೇಳಿದರು: ಸ್ವಾಮಿ, ನಮ್ಮ ಮದ್ದಿಗೆ ಕಸುವಿಲ್ಲ, ಏನು ಮಾಡೋಣ? ಇದ್ದಿಲು ಸುಡುವ ರೀತಿ ಬದಲಿಸಿ ಎಂದ ಬಿಷಪ್. ಗುಂಡಿ ತೋಡಿ ಮಣ್ಣು ಮುಚ್ಚಿ ಸುಟ್ಟರೆ ಎಲ್ಲೋ ಒಂದು ಕಡೆ ಗಾಳಿ ನುಗ್ಗಿ, ಒಂದು ಕೊಂಬೆ ಬೂದಿಯಾಗಿ, ಇನ್ನೊಂದು ಅರೆಬೆಂದು ಉಳಿಯುತ್ತದೆ. ಕಬ್ಬಿಣದ ಉರುಳೆಯಲ್ಲಿ ಮರ ತುಂಬಿ, ಬಾಯಿ ಮುಚ್ಚಿ, ಹೊರಗಿನಿಂದ ಕಾಯಿಸಿ ಎಂದ. ಮದ್ದಿನ ಶಕ್ತಿ ಏರಿತು, ಸರ್ಕಾರಕ್ಕೆ ಉಳಿತಾಯವೂ ಆಯಿತು. ಆದರೆ ಬಿಷಪ್ಪನ ಮನಸ್ಸಿಗೆ ಮುಳ್ಳು. ಧರ್ಮಬೋಧೆ ಮಾಡಬೇಕಾದವನು ಕೊಲ್ಲುವ ಉಪಾಯ ಹೇಳಿಕೊಟ್ಟೆನಲ್ಲ ಎಂದು ದೊರೆ ಮೂರನೆಯ ಜಾರ್ಜ್‌ನ ಎದುರು ನಾಚಿಕೊಂಡನಂತೆ. ದೊರೆ ಸಮಾಧಾನ ಹೇಳಿದ: ಕಾಳಗ ಬೇಗ ಮುಗಿದಷ್ಟೂ ಸಾಯುವವರು ಕಡಮೆ, ಚಿಂತಿಸಬೇಡಿ. ಬಿಷಪ್ಪನ ಆತ್ಮಕಥೆಯಲ್ಲಿರುವ ಪ್ರಸಂಗ ಇದು. ಆ ಸಮಾಧಾನ ಅಲ್ಲಿಂದ ಇಲ್ಲಿಯವರೆಗೆ ಎಲ್ಲ ಆಯುಧದ ಅಂಗಡಿಗಳಲ್ಲೂ ಬಿಕರಿಯಾಗುತ್ತಿದೆ.

ಬಿಷಪ್ಪನ ಉರುಳೆಗೂ ಶುಕ್ರನೀತಿಯ "ಹೊಗೆ ಹೊರಹೋಗದಂತೆ" ಎಂಬುದಕ್ಕೂ ನಮ್ಮ ಸಾಬರ ಮಡಕೆಗೂ ತತ್ತ್ವ ಒಂದೇ. ಸಾಬರು ಕಡ್ಡಿಗಳನ್ನು ಮಡಕೆಯಲ್ಲಿ ಒತ್ತಾಗಿ ಜೋಡಿಸಿ, ಮುಚ್ಚಳಕ್ಕೆ ಜೇಡಿಮಣ್ಣು ಮೆತ್ತಿ, ಸೂಜಿಮೊನೆಯ ಒಂದು ಕಂಡಿ ಬಿಟ್ಟು ಬೆರಣಿ ಒಟ್ಟುತ್ತಿದ್ದರು. ಕಂಡಿಯಿಂದ ಮೊದಲು ಬಿಳಿ ಹೊಗೆ, ನೀರಿನದು. ಆಮೇಲೆ ಹಳದಿ, ಮೂಗಿಗೆ ಕಟು. ಅದು ತೆಳುವಾಗಿ ನೀಲಿಗೆ ತಿರುಗಿದ ಕ್ಷಣ ಬೆಂಕಿ ಎಳೆದುಬಿಡಬೇಕು. ಬೇಗ ಎಳೆದರೆ ಕಡ್ಡಿ ಕಂದಾಗಿ ಉಳಿದು ಹೊಗೆ ಕಾರುತ್ತದೆ. ತಡವಾದರೆ ಇದ್ದಿಲು ಮೊಂಡು ಬೀಳುತ್ತದೆ, ಬೆಂಕಿ ಹತ್ತಿಸಿಕೊಳ್ಳಲು ಸತಾಯಿಸುತ್ತದೆ. ಇದ್ದಿಲೆಂದರೆ ಬರೀ ಇಂಗಾಲವಲ್ಲ. ಗಿಡದ ಜೀವರಸದ ಚೂರು ಒಳಗೆ ಉಳಿದಿದ್ದರೇ ಅದಕ್ಕೆ ಚುರುಕು. ಸಾಬರ ಬಳಿ ಥರ್ಮಾಮೀಟರ್ ಇರಲಿಲ್ಲ, ಮೂಗಿತ್ತು. ಬಿಳಿ ಹೊಗೆಯ ಹೊತ್ತಿನಲ್ಲಿ ಹುಕ್ಕಾ ಸೇದುತ್ತಿದ್ದವರು ಹಳದಿಗೆ ತಿರುಗಿದೊಡನೆ ಅದನ್ನು ಪಕ್ಕಕ್ಕಿಟ್ಟು ಎದ್ದು ನಿಲ್ಲುತ್ತಿದ್ದರು.

ಇದೇ ಮಡಕೆಯನ್ನು ಬೆಟ್ಟದಷ್ಟು ದೊಡ್ಡದು ಮಾಡಿದರೆ ಭದ್ರಾವತಿ. 1923ರಲ್ಲಿ ಅಲ್ಲಿ ಕಬ್ಬಿಣ ಕರಗತೊಡಗಿದ್ದು ಮಲೆನಾಡಿನ ಮರದ ಇದ್ದಿಲಿನಿಂದ. ವಿಶ್ವೇಶ್ವರಯ್ಯನವರು ಪಟ್ಟುಹಿಡಿದು ಕಟ್ಟಿಸಿದ ಆ ಕಾರ್ಖಾನೆಯಲ್ಲಿ ಮರವನ್ನು ಮುಚ್ಚಿದ ಕೊಳವೆಗಳಲ್ಲಿ ಬೇಯಿಸಿ, ಇದ್ದಿಲನ್ನು ಕುಲುಮೆಗೆ ಕೊಟ್ಟು, ಹೊಗೆಯನ್ನೂ ಬಿಡದೆ ಹಿಡಿದು ಅದರಿಂದ ಟಾರು, ಮರದ ಸ್ಪಿರಿಟ್ಟು ಇಳಿಸುತ್ತಿದ್ದರು. ಸಾಬರು ಮೂಗಿನಲ್ಲಿ ಓದಿ ಬಿಟ್ಟುಬಿಡುತ್ತಿದ್ದ ಹೊಗೆಯನ್ನು ಅಲ್ಲಿ ಪೀಪಾಯಿಗೆ ತುಂಬಿ ಮಾರಿದರು. ಎಷ್ಟಾದರೂ ಇಂಜಿನಿಯರು.

ಇಷ್ಟು ಹೇಳಿದ ಮೇಲೆ ಮೃದು ಮರ ಮದ್ದಿಗೆ, ಗಟ್ಟಿ ಮರ ಕುಲುಮೆಗೆ ಎಂದು ಗೆರೆ ಎಳೆದು ಎದ್ದುಬಿಡಬಹುದಿತ್ತು. ಬಿಡದವಳು ಹುಣಸೆ. ಕೊಡಲಿಯ ಬಾಯಿ ಮುರಿಯುವ ಮರ. ಅದರ ಸೌದೆಗೆ ಇಟ್ಟಿಗೆ ಗೂಡಿನವರು ಕಾದುಕೊಂಡಿರುತ್ತಾರೆ. ಅಂಥ ಹುಣಸೆಯ ಇದ್ದಿಲೂ ಮದ್ದಿಗೆ ಬಳಕೆಯಾಗುತ್ತಿತ್ತೆಂದು ಸಸ್ಯಗಳ ಪುಸ್ತಕಗಳು ಹೇಳುತ್ತವೆ. ಸಾಬರಿದ್ದಿದ್ದರೆ ಏನೆನ್ನುತ್ತಿದ್ದರೋ. ಹುಣಸೆ ಯಾವ ಸಾರಿಗೆ ಬಿದ್ದರೂ ತನ್ನ ಹುಳಿ ಬಿಡುವುದಿಲ್ಲ, ನನ್ನ ಗೆರೆಗೂ ಹಿಂಡಿತು.

ಮದ್ದು ಬಿಟ್ಟು ಮತ್ತೆ ಬಾಣಬಿರುಸಿಗೆ ಬರೋಣ. ವಿಜಯನಗರಕ್ಕೆ 1443ರಲ್ಲಿ ಬಂದಿದ್ದ ಪರ್ಷಿಯಾದ ರಾಯಭಾರಿ ಅಬ್ದುರ್ ರಜಾಕ್ ಅಲ್ಲಿನ ಉತ್ಸವದಲ್ಲಿ ಬಾಣಬಿರುಸು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ. ಇಂಥವನ್ನೆಲ್ಲ ಗುಡ್ಡೆಹಾಕಿ ಭಾರತದ ಬಾಣಬಿರುಸಿನ ಚರಿತ್ರೆ ಬರೆದವರು ಪುಣೆಯ ಪಿ. ಕೆ. ಗೋಡೆ. 1953ರಲ್ಲಿ ಆ ಪುಟ್ಟ ಪುಸ್ತಕ ಅಚ್ಚಾದದ್ದು ನಮ್ಮ ಬಸವನಗುಡಿಯಿಂದ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಲ್ಚರ್‌ನಿಂದ. ಆ ಕಾಲದ ಬಿರುಸುಗಳಿಗೆ ಇಂದಿನ ಹಸಿರು, ನೀಲಿ, ನೇರಳೆ ಇರಲಿಲ್ಲ. ಇದ್ದದ್ದು ಹೆಚ್ಚಾಗಿ ಕೆಂಡದ ಬಣ್ಣ. ಇದ್ದಿಲಿನ ಕಿಡಿ ಎಷ್ಟು ಕಾದರೂ ಕಿತ್ತಳೆ, ಬಂಗಾರ, ಅಷ್ಟೆ. ಬೆಳ್ಳಿಯ ಬಿಳಿ ಬೇಕೆಂದರೆ ಲೋಹದ ಪುಡಿ ಬೇಕು. ಜಪಾನಿನವರು ತಮ್ಮ ಹಳೆಯ ಕಿತ್ತಳೆ ಬೆಂಕಿಗೆ ವಾಬಿ ಎಂದು ಬೇರೆ ಹೆಸರನ್ನೇ ಕೊಟ್ಟು ಕಾಪಾಡಿಕೊಂಡಿದ್ದಾರೆ. ಪೈನ್ ಮರದ ಇದ್ದಿಲು ಉದ್ದ ಬಾಲ ಎಳೆಯುತ್ತದೆ, ಗಾಂಜಾ ಗಿಡದ ಜಾತಿಯ ಹೆಂಪ್ ಕಡ್ಡಿಯದು ಥಟ್ಟನೆ ಉರಿಯುತ್ತದೆ ಎಂದು ಆರಿಸುತ್ತಾರೆ. ಅವರ ಸೆಂಕೋ ಹನಾಬಿ ಎಂಬ ಸುರುಸುರುಬತ್ತಿ ಕಾಗದದ ಹುರಿಯಷ್ಟೇ. ಅದರ ತುದಿಯಲ್ಲಿ ಕೆಂಡದ ಹನಿಯೊಂದು ತೂಗುತ್ತ ಮೊದಲು ಪಿಯೋನಿ ಹೂವಿನಂತೆ, ಆಮೇಲೆ ಪೈನ್ ಎಲೆಯಂತೆ, ಆಮೇಲೆ ವಿಲೋ ಮರದಂತೆ, ಕಡೆಗೆ ಉದುರುವ ಸೇವಂತಿಗೆಯಂತೆ ಕಿಡಿ ಬಿಡುತ್ತದೆ. ಗಿಡದಿಂದ ಬಂದ ಕರಿ ಸಾಯುವಾಗ ನಾಲ್ಕು ಗಿಡಗಳ ವೇಷ ಹಾಕಿ ಹೋಗುತ್ತದೆ. ನಮ್ಮ ಸುರುಸುರುಬತ್ತಿಯೋ, ಹತ್ತಿದ ಕ್ಷಣದಿಂದ ಆರುವ ತನಕ ಒಂದೇ ರಾಗ.

ಇನ್ನು ಗುರುತಿನ ಮಾತು. ಇದ್ದಿಲಾದ ಮರದ ಕುಲ ಹೇಳುವ ವಿದ್ವಾಂಸರಿದ್ದಾರೆ. ಚೂರನ್ನು ಮುರಿದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಆ ನಾಳಗಳ ಅಚ್ಚು ನೋಡಿ ಯಾವ ಜಾತಿಯ ಮರವೆಂದು ಓದುತ್ತಾರೆ. ಬಳ್ಳಾರಿ ಬಳಿಯ ಸಂಗನಕಲ್ಲು, ತುಂಗಭದ್ರೆಯ ದಡದ ಹಳ್ಳೂರು, ಈ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಇದ್ದಿಲನ್ನು ಎಲೆನಿ ಅಸೌಟಿ ಹೀಗೆ ಓದಿ, ಡೋರಿಯನ್ ಫುಲ್ಲರ್ ಜೊತೆ 2008ರಲ್ಲಿ ಪುಸ್ತಕವನ್ನೇ ಬರೆದರು. ಮೂರು ಸಾವಿರ ವರ್ಷಕ್ಕೂ ಹಿಂದೆ ಒಲೆಯಲ್ಲಿ ಆರಿಹೋದ ಕೊಳ್ಳಿ ತನ್ನ ಹೆಸರನ್ನು ಮರೆತಿರಲಿಲ್ಲ.

ನನಗೀಗ ಪಂಚೆಯ ಕಥೆ ಮುಗಿಸಬೇಕು. ನಮ್ಮ ಕಟ್ಟಡದ ಮೂರನೆಯ ಮಹಡಿಯಲ್ಲಿ ತಿರುನೆಲ್ವೇಲಿ ಕಡೆಯ ವಯಸ್ಸಾದ ಅಮ್ಮ ಒಬ್ಬರಿದ್ದಾರೆ. ತೂತುಬಿದ್ದ ಪಂಚೆಯನ್ನು ಮೆಟ್ಟಿಲ ಬಳಿ ನೋಡಿ, "ಎಸೀಬೇಡಿ, ಮಾವಳಿಗೆ ಬೇಕು" ಎಂದರು. ಮಾವಳಿ ಎಂದರೆ ನಮ್ಮ ಬಲೀಂದ್ರನೇ. ತಮಿಳುನಾಡಿನ ಹಳ್ಳಿಗಳಲ್ಲಿ ಕಾರ್ತಿಕ ದೀಪದ ರಾತ್ರಿ ಅವನ ಹೆಸರಿನಲ್ಲಿ ಹುಡುಗರು ಮಾಡುವ ಬಿರುಸೊಂದಿದೆ. ಅದರಲ್ಲಿ ಮದ್ದಿಲ್ಲ, ಗಂಧಕವಿಲ್ಲ, ಬರೀ ಇದ್ದಿಲು. ತಾಳೆಮರದಲ್ಲಿ ಗಂಡಿಗೆ ತಾಟಿನುಂಗು ಬಿಡುವುದಿಲ್ಲ. ಬೆರಳಿನಂಥ ಹೂಗೊಂಚಲು ಮಾತ್ರ. ಯಾರಿಗೂ ಬೇಡದ ಆ ಒಣ ಗೊಂಚಲನ್ನು ಗುಂಡಿಯಲ್ಲಿ ಸುಟ್ಟು, ಮಣ್ಣು ಮುಚ್ಚಿ ಆರಿಸಿ, ಪುಡಿ ಮಾಡಿ, ಬಟ್ಟೆಯ ಗಂಟು ಕಟ್ಟಿ, ಸೀಳಿದ ತಾಳೆದಿಂಡಿನ ನಡುವೆ ಬಿಗಿದು, ಹಗ್ಗ ಹಾಕಿ, ಕೆಂಡ ಮುಟ್ಟಿಸಿ ತಲೆಯ ಮೇಲೆ ಗರಗರ ತಿರುಗಿಸಿದರೆ ಸುತ್ತ ಚಿನ್ನದ ಮಳೆ.

ತಾಳೆಹೂವು ಅವರ ಊರಿಂದ ಬರುವ ತನಕ ತಡೆಯಲಾಗದೆ ನಾನು ತೆಂಗಿನ ಚಿಪ್ಪಿನ ಇದ್ದಿಲು ಪುಡಿ ಮಾಡಿ ಒಂದು ಗಂಟು ಕಟ್ಟಿ ಮಹಡಿಯ ಮೇಲೆ ತಿರುಗಿಸಿದೆ. ಕತ್ತಲಲ್ಲಿ ಒಂದು ಕೆಂಪು ಉಂಡೆ ಸುತ್ತಿತು, ಅಷ್ಟೆ. ಒಂದು ಕಿಡಿಯೂ ಹಾರಲಿಲ್ಲ. ಭುಜ ಮಾತ್ರ ಹಿಡಿದುಕೊಂಡಿತು. ಅಮ್ಮ ಬಾಗಿಲಲ್ಲಿ ನಿಂತು ನಕ್ಕರು. "ಅದು ಸಾಂಬ್ರಾಣಿಗೆ ಇಡೋದು. ಕೂತಲ್ಲೇ ಉರಿಯುತ್ತೆ, ಹಾರೋದಿಲ್ಲ," ಎಂದರು. ಅಜ್ಜಿಯ ಪಟ್ಟಿಯಲ್ಲಿಯೇ ಇದ್ದ ಮಾತು!

ಮುಂದಿನ ವಾರ ಅವರ ಮಗ ಚೀಲದ ತುಂಬ ತಾಳೆಹೂವು ತಂದರು. ಆ ಪುಡಿ ಕೈಯಲ್ಲಿ ಹಿಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ಹಗುರ. ತೂತಿನ ಪಂಚೆ ಹರಿದು ಅಮ್ಮನೇ ಗಂಟು ಕಟ್ಟಿದರು. ನಾನು ತಿರುಗಿಸಿದೆ. ಮೊದಲ ಸುತ್ತಿಗೆ ಹತ್ತಾರು ಕಿಡಿ, ಮೂರನೆಯ ಸುತ್ತಿಗೆ ಲೆಕ್ಕ ತಪ್ಪಿತು. ಮಗಳು ಫೋನ್ ಹಿಡಿಯುವುದನ್ನೂ ಮರೆತು ಬಾಯಿ ತೆರೆದು ನಿಂತಿದ್ದಳು. ನಾನು ಉಟ್ಟಿದ್ದ ಪಂಚೆಯ ಮೇಲೆ ಏನು ಬೀಳುತ್ತಿದೆಯೆಂದು ಯಾರೂ ನೋಡಲಿಲ್ಲ.

ಬೆಳಗ್ಗೆ ಅದನ್ನು ಇಸ್ತ್ರಿಗೆ ಕೊಡುವಾಗ, ಹಳೆಯ ಲೆಕ್ಕ ಚುಕ್ತಾ ಮಾಡುವ ದುರ್ಬುದ್ಧಿಯಿಂದ, "ನೋಡ್ರೀ, ಮತ್ತೆ ಸುಟ್ಟಿದೀರಿ" ಎಂದೆ. ಅವರು ಪಂಚೆಯನ್ನು ಬೆಳಕಿಗೆ ಹಿಡಿದರು. ಸಾಸಿವೆ ಚೆಲ್ಲಿದಂತೆ ತೂತುಗಳು. ಒಂದೊಂದರ ಮೇಲೂ ಬೆರಳಾಡಿಸಿ ತಲೆ ಅಲ್ಲಾಡಿಸಿದರು.

"ಇದು ನಂದಲ್ಲ ಬಿಡಿ ಸಾರ್. ನನ್ ಇದ್ದಿಲು ಬಿದ್ರೆ ಬಿದ್ದ ಕಡೇನೇ ಕೂತು ತಿಂತದೆ. ಇದು ಮುಟ್ಟಿ ಮುಟ್ಟಿ ಓಡೋಗದೆ." ಆಮೇಲೆ ಪಂಚೆ ಮಡಿಸುತ್ತ, ದನಿ ತಗ್ಗಿಸಿ ಕೇಳಿದರು: "ಯಾವ ಮರದ್ದು ಇದು?"